ಮಂತ್ರಿ ಕೈ ಹಾಕಿದ್ರೆ ಬ್ಯಾನ್, ಎಂಪಿ ಕುರ್ಚಿ ಮೇಲೆ ಕೂತಿದ್ರೆ ಓಕೆ: ಇದೇನ್ ಸಾರ್ ಲೆಕ್ಕ?

ಪ್ರಶ್ನೆ: ಸಾರ್, ನಾನು ಬೆಂಗಳೂರಿನ ಫುಟ್ಬಾಲ್ ಅಭಿಮಾನಿ. ಸರ್ಕಾರ ಅಥವಾ ಕೋರ್ಟು ಫೆಡರೇಷನ್ ವಿಷಯಕ್ಕೆ ಬಂದ್ರೆ ಫಿಫಾ ಬ್ಯಾನ್ ಮಾಡುತ್ತೆ ಅಂತಾರೆ. ಆದ್ರೆ ಫೆಡರೇಷನ್ ಅಧ್ಯಕ್ಷರೇ ರಾಜಕಾರಣಿ ಆಗಿದ್ರೆ ಅದು ಹಸ್ತಕ್ಷೇಪ ಅಲ್ವಾ? ಇದು ಯಾವ ನ್ಯಾಯ?

ಉತ್ತರ: ನಿಮ್ಮ ಡೌಟು ಸರಿಯಾಗೇ ಇದೆ. ಫಿಫಾ ನೋಡೋದು ಒಂದೇ, ನೀವು ಬಂದಿದ್ದು ಯಾವ ಬಾಗಿಲಿಂದ ಅಂತ. ಓಟು ಹಾಕಿಸ್ಕೊಂಡು ಒಳಗೆ ಬಂದ್ರೆ ನೀವು ಮನೆಯವರು, ಜೇಬಲ್ಲಿ ಯಾವ ಪಾರ್ಟಿ ಕಾರ್ಡ್ ಇದೆ ಅಂತ ಯಾರೂ ಕೇಳಲ್ಲ. ಓಟಿಲ್ಲದೆ ಬಂದ್ರೆ, ಮಂತ್ರಿ ಆಗಲಿ ಜಡ್ಜ್ ಆಗಲಿ, ಹೊರಗಿನವರು. ಕೇಳೋಕೆ ಚೆನ್ನಾಗಿದೆ, ಆದ್ರೆ ಒಳಗಿರೋರು ಎಲೆಕ್ಷನ್ನೇ ಮಾಡದೆ ಕೂತ್ಬಿಟ್ರೆ ಏನ್ಮಾಡೋದು? ನಮ್ಮಲ್ಲಿ ಆಗಿದ್ದು ಅದೇ.

ನಮ್ಮ ಫುಟ್ಬಾಲ್ ಫೆಡರೇಷನ್ ಅಧ್ಯಕ್ಷರಾಗಿದ್ದ ಎಂಪಿ ಪ್ರಫುಲ್ ಪಟೇಲ್ ಅವರ ಅವಧಿ 2020ರ ಡಿಸೆಂಬರ್‌ಗೇ ಮುಗಿದಿತ್ತು. ಬೈಲಾ (ಫೆಡರೇಷನ್ನಿನ ನಿಯಮಾವಳಿ) ವಿಷಯ ಸುಪ್ರೀಂ ಕೋರ್ಟಲ್ಲಿದೆ ಅನ್ನೋ ಕಾರಣ ಹೇಳ್ಕೊಂಡು ಎಲೆಕ್ಷನ್ ಆಗ್ಲೇ ಇಲ್ಲ, ಅವರು ಕೂತೇ ಇದ್ರು. ಈ ಒಂದೂವರೆ ವರ್ಷದಲ್ಲಿ ಫಿಫಾ ಬ್ಯಾನ್ ಮಾಡಿತಾ? ಇಲ್ಲ. 2022ರ ಮೇ 18ಕ್ಕೆ ಸುಪ್ರೀಂ ಕೋರ್ಟು ಅವರನ್ನ ಇಳಿಸಿ, ಜಸ್ಟಿಸ್ ಎ.ಆರ್. ದವೆ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಎಸ್.ವೈ. ಖುರೇಶಿ, ಮಾಜಿ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ, ಈ ಮೂರು ಜನರ ಸಮಿತಿ ಕೂರಿಸ್ತು. ಮೂರು ತಿಂಗಳು ತುಂಬೋದ್ರೊಳಗೆ, ಅದೂ ನಮ್ಮ ಸ್ವಾತಂತ್ರ್ಯ ದಿನಾಚರಣೆ ರಾತ್ರಿ, ಫಿಫಾ ಬ್ಯಾನ್ ಬಂತು, ಕಾರಣ ಹೊರಗಿನವರ ಹಸ್ತಕ್ಷೇಪ.

ಆಗ ಗೋಕುಲಂ ಕೇರಳದ ಹೆಣ್ಮಕ್ಕಳ ಟೀಮು ಏಷ್ಯನ್ ಕ್ಲಬ್ ಟೂರ್ನಿ ಆಡೋಕೆ ಅಂತ ಆಗಲೇ ತಾಷ್ಕೆಂಟ್ ತಲುಪಿಬಿಟ್ಟಿತ್ತು, ಬೂಟು ಜೆರ್ಸಿ ಎಲ್ಲ ಇಟ್ಕೊಂಡು ಹೋಟೆಲಲ್ಲಿ ಕೂತಿದ್ದವರಿಗೆ ಆಡೋ ಹಾಗಿಲ್ಲ ಅಂತ ಸುದ್ದಿ ಬಂತು, ಒಂದು ಮ್ಯಾಚೂ ಆಡದೆ ವಾಪಸ್ ಬಂದ್ರು. ಬ್ಯಾನ್ ಹನ್ನೊಂದೇ ದಿನಕ್ಕೆ ಹೋಯ್ತು ನಿಜ, ಆದ್ರೆ ಅವರ ಟೂರ್ನಿ ಹೋಗಿದ್ದು ಹೋಗೇ ಹೋಯ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಂಗೆ.

ಈಗ ಇದರೊಳಗಿನ ನಿಜವಾದ ಜಗಳ ಏನು ಅಂತ ಹೇಳ್ತೀನಿ, ಟೀವಿಯವರು ಇದನ್ನ ಸರಿಯಾಗಿ ಹೇಳ್ಲೇ ಇಲ್ಲ. ಜಗಳ ಇದ್ದಿದ್ದು ಮತದಾರರ ಪಟ್ಟಿ ಮೇಲೆ. ಕೋರ್ಟಿನ ಸಮಿತಿ ತಂದ ಪ್ಲ್ಯಾನ್ ಪ್ರಕಾರ ರಾಜ್ಯ ಸಂಸ್ಥೆಗಳ 36 ಓಟು, ಅದರ ಜೊತೆಗೆ ದೇಶಕ್ಕೆ ಆಡಿದ ಮಾಜಿ ಆಟಗಾರರಿಗೂ 36 ಓಟು, 24 ಗಂಡಸರು 12 ಹೆಂಗಸರು. ಅಂದ್ರೆ ಅರ್ಧಕ್ಕರ್ಧ. ಫಿಫಾ ಇದನ್ನ ಒಪ್ಲಿಲ್ಲ, ಆಟಗಾರರು ಕಮಿಟಿಯಲ್ಲಿ ಕಾಲು ಭಾಗ ಇರಲಿ, ಓಟು ಮಾತ್ರ ಸಂಸ್ಥೆಗಳದ್ದೇ ಇರಲಿ ಅಂತು. ಪಟೇಲರು ಆಗ ಫಿಫಾ ಕೌನ್ಸಿಲ್ ಮೆಂಬರ್ ಬೇರೆ, ಅವರು ಮತ್ತೆ ಕೆಲ ರಾಜ್ಯ ಸಂಸ್ಥೆಯವರು ಹಿಂದಿನಿಂದ ಅಡ್ಡಗಾಲು ಹಾಕ್ತಿದ್ದಾರೆ ಅಂತ ಸಮಿತಿ ಕೋರ್ಟಿಗೇ ಹೋಗಿ ದೂರಿತ್ತು. ಆಗಸ್ಟ್ 22ಕ್ಕೆ ಕೋರ್ಟು ಸಮಿತಿನೇ ರದ್ದು ಮಾಡ್ತು, ಆಟಗಾರರ ಓಟೂ ಹೋಯ್ತು, 26ಕ್ಕೆ ಬ್ಯಾನೂ ಹೋಯ್ತು. ಅಂಡರ್-17 ಹೆಣ್ಮಕ್ಕಳ ವರ್ಲ್ಡ್ ಕಪ್ ಅಕ್ಟೋಬರ್‌ನಲ್ಲಿ ನಮ್ಮಲ್ಲೇ ಇತ್ತು, ಅದು ಕೈತಪ್ಪುತ್ತೆ ಅನ್ನೋ ಭಯಕ್ಕೆ ಎಲ್ಲರೂ ತಲೆಬಾಗಿದ್ರು.

ಸೆಪ್ಟೆಂಬರ್ 2ಕ್ಕೆ ಎಲೆಕ್ಷನ್. ಒಂದು ಕಡೆ ಭಾರತ ಟೀಮಿನ ಮಾಜಿ ಕ್ಯಾಪ್ಟನ್ ಬೈಚುಂಗ್ ಭುಟಿಯಾ, ಇನ್ನೊಂದು ಕಡೆ ಬಿಜೆಪಿಯ ಕಲ್ಯಾಣ್ ಚೌಬೆ, ಅವರೂ ಮಾಜಿ ಗೋಲ್‌ಕೀಪರೇ ಅನ್ನೋದನ್ನ ಮರೀಬಾರದು. ರಿಸಲ್ಟು 33–1. ಭುಟಿಯಾ ಹೆಸರು ಸೂಚಿಸಿದ್ದು ಒಂದು ಸಂಸ್ಥೆ, ಅನುಮೋದಿಸಿದ್ದು ಇನ್ನೊಂದು, ಸಿಕ್ಕಿದ ಓಟು ಮಾತ್ರ ಒಂದೇ, ಲೆಕ್ಕ ನೀವೇ ಹಾಕ್ಕೊಳಿ. ರಾಜಕೀಯ ಹಸ್ತಕ್ಷೇಪ ನಡೀತು ಅಂತ ಅವರು ಆಮೇಲೆ ಹೇಳಿದ್ರು. ಉಪಾಧ್ಯಕ್ಷ ಸ್ಥಾನಕ್ಕೆ ನಮ್ಮ ಶಾಂತಿನಗರದ ಕಾಂಗ್ರೆಸ್ ಎಂಎಲ್‌ಎ, ರಾಜ್ಯ ಸಂಸ್ಥೆ ಅಧ್ಯಕ್ಷ ಎನ್.ಎ. ಹ್ಯಾರಿಸ್ ಗೆದ್ರು, ಎದುರಾಳಿ ರಾಜಸ್ಥಾನದ ಮಾನವೇಂದ್ರ ಸಿಂಗ್, ಅವರೂ ಆಗ ಕಾಂಗ್ರೆಸ್ಸೇ. ವಿಧಾನಸೌಧದಲ್ಲಿ, ಪಾರ್ಲಿಮೆಂಟಲ್ಲಿ ಕಿತ್ತಾಡೋ ಪಾರ್ಟಿಗಳು ಕ್ರೀಡಾ ಸಂಸ್ಥೆ ಮೀಟಿಂಗಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡ್ತಾರೆ. ಇದರಲ್ಲಿ ಯಾವ ಪಾರ್ಟಿನೂ ಸಾಚಾ ಅಲ್ಲ, ಆದ್ರಿಂದ ನನಗೆ ಕಾಮೆಂಟಲ್ಲಿ ಬಣ್ಣ ಬಳೀಬೇಡಿ.

ಹಂಗಂತ ರಾಜಕಾರಣಿಗಳನ್ನ ಓಡಿಸಿದ್ರೆ ಎಲ್ಲ ಸರಿಹೋಗುತ್ತೆ ಅಂತಾನೂ ನಾನು ನಂಬಲ್ಲ. ಹಾಕಿ ಫೆಡರೇಷನ್ನಲ್ಲಿ 1994ರಿಂದ 2008ರವರೆಗೆ ಕೂತಿದ್ದ ಕೆ.ಪಿ.ಎಸ್. ಗಿಲ್ ಪೊಲೀಸ್ ಆಫೀಸರ್, ಅವರ ಕಾಲದ ಕೊನೆಗೇ ಬೀಜಿಂಗ್ ಒಲಿಂಪಿಕ್ಸ್‌ಗೆ ನಮ್ಮ ಗಂಡಸರ ಟೀಮು ಕ್ವಾಲಿಫೈ ಆಗ್ಲಿಲ್ಲ, 80 ವರ್ಷದಲ್ಲಿ ಮೊದಲ ಸಲ. ಬಿಲ್ಲುಗಾರಿಕೆ ಸಂಸ್ಥೆಯಲ್ಲಿ ರಾಜಕಾರಣಿ ವಿ.ಕೆ. ಮಲ್ಹೋತ್ರಾ 1973ರಿಂದ ಸುಮಾರು 40 ವರ್ಷ ಅಧ್ಯಕ್ಷರು, ಅಷ್ಟು ವರ್ಷ ಒಬ್ಬರೇ ಕೂತ್ರೆ ಎದುರು ಮಾತಾಡೋಕೆ ಯಾರು ಉಳೀತಾರೆ? ಖಾದಿನೋ ಖಾಕಿನೋ ಮುಖ್ಯ ಅಲ್ಲ, ಎಷ್ಟು ವರ್ಷ ಕೂತಿದ್ದಾರೆ, ಅವರನ್ನ ಇಳಿಸೋ ಓಟು ಯಾರ ಕೈಲಿದೆ ಅನ್ನೋದೇ ಮುಖ್ಯ. ನಾನೇ ಒಂದ್ಸಲ ಒಂದು ಜಿಲ್ಲಾ ಸಂಸ್ಥೆ ಎಲೆಕ್ಷನ್‌ಗೆ ವಕೀಲನಾಗಿ ಹೋಗಿದ್ದೆ (ಹೆಸರು ಬೇಡ), ಪಟ್ಟಿಯಲ್ಲಿದ್ದ ಕ್ಲಬ್ಬಿನ ಅಡ್ರೆಸ್ ಹುಡುಕ್ಕೊಂಡು ಹೋದ್ರೆ ಅಲ್ಲಿ ಸಿಕ್ಕಿದ್ದು ಜೆರಾಕ್ಸ್ ಅಂಗಡಿ. ಗ್ರೌಂಡಿಲ್ಲ, ಟೀಮಿಲ್ಲ, ಓಟು ಮಾತ್ರ ಇದೆ!

ನಿಜವಾದ ಒರಟು ಹಸ್ತಕ್ಷೇಪ ನೋಡ್ಬೇಕಂದ್ರೆ ಶ್ರೀಲಂಕಾ ನೋಡಿ. 2023ರ ಕ್ರಿಕೆಟ್ ವರ್ಲ್ಡ್ ಕಪ್ಪಲ್ಲಿ ವಾಂಖೆಡೆಯಲ್ಲಿ ನಮ್ಮೆದುರು 55ಕ್ಕೆ ಆಲೌಟ್ ಆದ್ರು, ನಾಲ್ಕು ದಿನಕ್ಕೆ ಕ್ರೀಡಾಮಂತ್ರಿ ರೋಷನ್ ರಣಸಿಂಘೆ ಇಡೀ ಬೋರ್ಡನ್ನೇ ಕಿತ್ತು ಮಾಜಿ ಕ್ಯಾಪ್ಟನ್ ಅರ್ಜುನ ರಣತುಂಗ ಅವರನ್ನ ಕೂರಿಸಿದ್ರು, ಮಾರನೇ ದಿನ ಕೋರ್ಟು ತಡೆ ಕೊಡ್ತು, ನವೆಂಬರ್ 10ಕ್ಕೆ ಐಸಿಸಿ ಸಸ್ಪೆಂಡ್ ಮಾಡ್ತು. ಅಲ್ಲಿ ನಡೀಬೇಕಿದ್ದ ಅಂಡರ್-19 ವರ್ಲ್ಡ್ ಕಪ್ ಸೌತ್ ಆಫ್ರಿಕಾಕ್ಕೆ ಹೋಯ್ತು, ಕೊನೆಗೆ ಮಂತ್ರಿ ಕುರ್ಚಿನೂ ಹೋಯ್ತು. ಇಂಥ ಮಂತ್ರಿಗಳು ಇರೋದ್ರಿಂದಲೇ ಆ ರೂಲ್ಸ್ ಇರೋದು, ರೂಲ್ಸೇ ತಪ್ಪು ಅಂತ ನಾನು ಹೇಳಲ್ಲ.

ಪ್ರಶ್ನೆ: ಹಂಗಾದ್ರೆ 2025ರಲ್ಲಿ ಐಎಸ್‌ಎಲ್ ಫುಟ್ಬಾಲ್ ಲೀಗ್ ನಿಂತೋಗಿದ್ದೂ ರಾಜಕೀಯದಿಂದಲೇನಾ?

ಉತ್ತರ: ಅದು ಶುದ್ಧ ಬೇಜವಾಬ್ದಾರಿ. ಫೆಡರೇಷನ್ನಿಗೂ ಲೀಗ್ ನಡೆಸೋ ಕಂಪನಿಗೂ 2010ರಲ್ಲಿ 15 ವರ್ಷದ ಅಗ್ರಿಮೆಂಟು, 700 ಕೋಟಿ, ಮುಗಿಯೋದು 2025ರ ಡಿಸೆಂಬರ್‌ನಲ್ಲಿ ಅಂತ ಸೈನ್ ಹಾಕಿದ ದಿನಾನೇ ಗೊತ್ತಿತ್ತು. ಬಾಡಿಗೆ ಮನೆ ಅಗ್ರಿಮೆಂಟ್ ಮುಗಿಯೋಕೆ ಎರಡು ತಿಂಗಳಿದೆ ಅಂದ್ರೆ ನಾವು ಓಡಾಡ್ತೀವಿ, ಇವರು ಬೈಲಾ ಕೇಸು ಎಳ್ಕೊಂಡು ಎಳ್ಕೊಂಡು, ಹೊಸ ಒಪ್ಪಂದಕ್ಕೆ ಕೋರ್ಟು ಕಾಯಿರಿ ಅಂದಾಗ ಕೈಕಟ್ಟಿ ಕೂತ್ರು. ಆಗಸ್ಟಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ, ಸ್ಟಾಫಿನ ಸಂಬಳಾನೇ ನಿಲ್ಲಿಸ್ತು, ಅಕ್ಟೋಬರ್‌ನಲ್ಲಿ ಟೆಂಡರ್ ಕರೆದ್ರೆ ನವೆಂಬರ್ ಗಡುವಿನೊಳಗೆ ಒಂದೇ ಒಂದು ಬಿಡ್ ಬರ್ಲಿಲ್ಲ.

ಪ್ರಶ್ನೆ: ನಾನು ಧಾರವಾಡದ ಲಾ ಸ್ಟೂಡೆಂಟ್. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಿಂದ ಇದೆಲ್ಲ ಸರಿಹೋಗುತ್ತಾ?

ಉತ್ತರ: ಸ್ವಲ್ಪ. ಕಾರ್ಯಕಾರಿ ಸಮಿತಿಯಲ್ಲಿ 15 ಜನಕ್ಕಿಂತ ಹೆಚ್ಚಿರಬಾರದು, ಅದರಲ್ಲಿ ಕನಿಷ್ಠ ನಾಲ್ಕು ಹೆಂಗಸರು, ಇಬ್ಬರು ಸಾಧಕ ಕ್ರೀಡಾಪಟುಗಳು ಇರ್ಲೇಬೇಕು, ಜಗಳಕ್ಕೆ ಪ್ರತ್ಯೇಕ ಟ್ರಿಬ್ಯೂನಲ್, ಇದೆಲ್ಲ ಒಳ್ಳೇದೇ, ಊರೂರಿನ ಹೈಕೋರ್ಟಿಗೆ ಓಡೋದು ಕಮ್ಮಿಯಾಗ್ಬಹುದು. ಆದ್ರೆ 70ರ ವಯಸ್ಸಿನ ಮಿತಿಯನ್ನ ಅಂತಾರಾಷ್ಟ್ರೀಯ ಸಂಸ್ಥೆ ಒಪ್ಪಿದ್ರೆ 75ರವರೆಗೆ ಸಡಿಲ ಮಾಡಿದ್ದಾರೆ, ಆರ್‌ಟಿಐ ಸರ್ಕಾರದ ದುಡ್ಡು ತಗೊಳ್ಳೋ ಸಂಸ್ಥೆಗೆ ಮಾತ್ರ, ಅಲ್ಲಿಗೆ ಕ್ರಿಕೆಟ್ ಬೋರ್ಡ್ ಆರಾಮಾಗಿ ಹೊರಗೆ. ನನಗೆ ಭಯ ಇರೋದು ಫೆಡರೇಷನ್‌ಗಳಿಗೆ ಮಾನ್ಯತೆ ಕೊಡೋ ಕಿತ್ಕೊಳ್ಳೋ ಅಧಿಕಾರ ಇರೋ ಹೊಸ ರಾಷ್ಟ್ರೀಯ ಕ್ರೀಡಾ ಬೋರ್ಡ್ ಬಗ್ಗೆ. ಅದನ್ನ ನೇಮಿಸೋದು ಕೇಂದ್ರ ಸರ್ಕಾರ.

ಪ್ರಶ್ನೆ: ದಾವಣಗೆರೆ ಕಡೆಯವನು ಸಾರ್. ಮಗಳು ಕುಸ್ತಿ ಕಲೀತಾ ಇದ್ದಾಳೆ. ಡೆಲ್ಲಿ ಗಲಾಟೆ ಆದಮೇಲೆ ಮನೇಲಿ ಬೇಡ ಅಂತಿದ್ದಾರೆ. ಫೆಡರೇಷನ್ ಸಸ್ಪೆಂಡ್ ಆದ್ರೆ ಮಕ್ಕಳ ಗತಿ ಏನು?

ಉತ್ತರ: ಯಜಮಾನ್ರೇ, ಮಗಳನ್ನ ಗರಡಿಯಿಂದ ಬಿಡಿಸ್ಬೇಡಿ ಅಂತ ಹೇಳೋದು ಸುಲಭ, ನಿಮ್ಮ ಮನೆಯವರ ಭಯಾನೂ ಸುಳ್ಳಲ್ಲ. 2023ರಲ್ಲಿ ಕುಸ್ತಿಪಟುಗಳಾದ ವಿನೇಶ್, ಸಾಕ್ಷಿ, ಬಜರಂಗ್ ಬೀದಿಯಲ್ಲಿ ಕೂತಿದ್ದು ಆಗಿನ ಕುಸ್ತಿ ಫೆಡರೇಷನ್ ಅಧ್ಯಕ್ಷ, ಬಿಜೆಪಿ ಎಂಪಿ ಬ್ರಿಜ್ ಭೂಷಣ್ ಮೇಲಿನ ಲೈಂಗಿಕ ಕಿರುಕುಳದ ಆರೋಪಕ್ಕೆ, ಅವರು ಅದನ್ನ ಅಲ್ಲಗಳೆದಿದ್ದಾರೆ, ವಿಷಯ ಕೋರ್ಟ್ ಮೆಟ್ಟಿಲೇರಿದೆ. ಎಲೆಕ್ಷನ್ ಮಾತ್ರ ಒಂದಾದ ಮೇಲೊಂದು ಕೋರ್ಟ್ ತಡೆಯಿಂದ ಮುಂದಕ್ಕೆ ಹೋಯ್ತು, ಗಡುವು ಮೀರ್ತು ಅಂತ ಆಗಸ್ಟಲ್ಲಿ ವಿಶ್ವ ಕುಸ್ತಿ ಸಂಸ್ಥೆ ಸಸ್ಪೆಂಡ್ ಮಾಡ್ತು. ಆಗ ಬೆಲ್‌ಗ್ರೇಡ್ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ ಅಂತಿಮ್ ಪಂಘಾಲ್ 53 ಕೆಜಿಯಲ್ಲಿ ಕಂಚು ಗೆದ್ದು ಪ್ಯಾರಿಸ್ ಒಲಿಂಪಿಕ್ಸ್ ಕೋಟಾ ತಂದ್ಲು, ಆದ್ರೆ ತ್ರಿವರ್ಣ ಇಲ್ಲದೆ. ಅಂದ್ರೆ ಆಡೋಕೆ ದಾರಿ ಇರುತ್ತೆ, ಬಾವುಟ ಇರಲ್ಲ.

ಡಿಸೆಂಬರ್‌ನಲ್ಲಿ ಎಲೆಕ್ಷನ್ ಆಗಿ ಬ್ರಿಜ್ ಭೂಷಣ್ ಆಪ್ತ ಸಂಜಯ್ ಸಿಂಗ್ 40–7ರಲ್ಲಿ ಗೆದ್ರು, ಸಾಕ್ಷಿ ಅವತ್ತೇ ಕುಸ್ತಿ ಬಿಡ್ತೀನಿ ಅಂತ ಬೂಟು ಟೇಬಲ್ ಮೇಲಿಟ್ಟು ಎದ್ದು ಹೋದ್ಲು. ಮೂರೇ ದಿನಕ್ಕೆ ಕ್ರೀಡಾ ಸಚಿವಾಲಯ ಹೊಸ ಕಮಿಟಿಯನ್ನೂ ಸಸ್ಪೆಂಡ್ ಮಾಡ್ತು.

ನಿಮಗೆ ಬೇಕಾಗಿರೋ ಪಾಠ ಇಲ್ಲಿದೆ. 2024ರ ಜನವರಿ ಕೊನೆಗೆ ಸಸ್ಪೆಂಡ್ ಆದ ಫೆಡರೇಷನ್ ಪುಣೆಯಲ್ಲಿ ನ್ಯಾಷನಲ್ಸ್ ನಡೆಸ್ತು, ಅದರ ಬೆನ್ನಿಗೇ ಸರ್ಕಾರ ಒಪ್ಪಿದ ತಾತ್ಕಾಲಿಕ ಸಮಿತಿ ಜೈಪುರದಲ್ಲಿ ಇನ್ನೊಂದು ನ್ಯಾಷನಲ್ಸ್. ಪುಣೆಯ ಸರ್ಟಿಫಿಕೇಟು ಸರ್ಕಾರಿ ಕೆಲಸಕ್ಕೂ ಕಾಲೇಜ್ ಸೀಟಿಗೂ ಲೆಕ್ಕಕ್ಕಿಲ್ಲ ಅಂತ ಸಚಿವಾಲಯ ಹೇಳ್ತು. ಮ್ಯಾಟ್ ಮೇಲೆ ಪಟ್ಟು ಹಾಕಿ ಗೆದ್ದ ಮಗುವಿಗೆ ಇದೆಲ್ಲಿ ಗೊತ್ತಾಗ್ಬೇಕು? ಫೆಡರೇಷನ್ ಮೇಲಿನ ಸಸ್ಪೆನ್ಷನ್ ಸಚಿವಾಲಯ ತೆಗೆದಿದ್ದು 2025ರ ಮಾರ್ಚಲ್ಲಿ.

ಅದಕ್ಕೆ, ಯಾವುದೇ ಕೂಟಕ್ಕೆ ಎಂಟ್ರಿ ಕಟ್ಟೋ ಮುಂಚೆ ನಡೆಸ್ತಿರೋ ಸಂಸ್ಥೆಗೆ ರಾಜ್ಯ ಸಂಸ್ಥೆಯ ಮಾನ್ಯತೆ ಇದೆಯಾ, ಆ ದಿನಕ್ಕೆ ರಾಷ್ಟ್ರೀಯ ಫೆಡರೇಷನ್ನಿಗೆ ಸಚಿವಾಲಯದ ಮಾನ್ಯತೆ ಇದೆಯಾ ಅಂತ ನಿಮ್ಮ ಜಿಲ್ಲಾ ಕ್ರೀಡಾ ಇಲಾಖೆಯಲ್ಲಿ ಬರವಣಿಗೆಯಲ್ಲೇ ಕೇಳಿ, ಬಾಯ್ಮಾತು ಬೇಡ. ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಸೈನು, ನಂಬರು, ತಾರೀಕು ನೋಡ್ಕೊಂಡು ಎರಡು ಕಾಪಿ ಮಾಡಿಸಿಡಿ. ಕ್ಯಾಂಪಿಗೆ ಹೊರಗೂರಿಗೆ ಕಳಿಸೋದಾದ್ರೆ ಜೊತೆಗೆ ಮಹಿಳಾ ಕೋಚ್ ಇದ್ದಾರಾ, ದೂರು ಕೇಳೋ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಅಂತ ಮೊದಲೇ ಕೇಳಿ, ಹೆಸರು ಫೋನ್ ನಂಬರು ಬರ್ಕೊಳಿ, ಮಗಳ ಹತ್ರಾನೂ ಒಂದು ಚೀಟಿ ಇರಲಿ.