ಸತ್ತ ಹಾವನ್ನು ಆಸ್ಪತ್ರೆಗೆ ತರಬೇಡಿ

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ಕಡಿದು ಹಾಕಿದ ಹಾವಿನ ತಲೆಯೂ ಕಚ್ಚುತ್ತೆ ಅಂತ ಅಜ್ಜಿ ಹೇಳುತ್ತಿದ್ದರು. ಅಸ್ಸಾಂನಲ್ಲಿ ಹಾಗೇ ಆಯಿತಂತೆ, ನಿಜವೇ? ಇನ್ನೊಂದು: ಕಚ್ಚಿದ ಹಾವನ್ನು ಕೊಂದು ತೋರಿಸದಿದ್ದರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ?"

ಅಜ್ಜಿ ಹೇಳಿದ್ದು ನಿಜ. ಅಸ್ಸಾಂನ ಇಂಥ 3 ಪ್ರಕರಣಗಳನ್ನು ಸಂಶೋಧಕರು 2025ರಲ್ಲಿ ಪ್ರಕಟಿಸಿದರು. ಒಬ್ಬರು ಕೋಳಿಗೆ ಬಾಯಿ ಹಾಕಿದ್ದ ನಾಗರನ ತಲೆ ಕಡಿದರು. ಮುಂಡ ಎಸೆಯಲು ಹೋದಾಗ ಆ ತಲೆ ಹೆಬ್ಬೆರಳಿಗೆ ಕಚ್ಚಿತು. ಇನ್ನೊಂದು ಕಡೆ, ಕೊಂದು ಹಿತ್ತಲಿಗೆ ಎಸೆದಿದ್ದ ಕಪ್ಪು ಕಟ್ಟುಹಾವನ್ನು ಸುಮಾರು 3 ಗಂಟೆ ಬಿಟ್ಟು ನೆರೆಯವರೊಬ್ಬರು ಸುಮ್ನೆ ಕೈಗೆತ್ತಿಕೊಂಡರು. ಬೆರಳಿಗೆ ಕಚ್ಚಿತು. ಮೂವರೂ ಚಿಕಿತ್ಸೆಯಿಂದ ಉಳಿದುಕೊಂಡರು. ಹಾವಿನದು ತಣ್ಣನೆ ರಕ್ತ, ಆಮ್ಲಜನಕ ಜಾಸ್ತಿ ಬೇಡ. ಹಾಗಾಗಿ ಸತ್ತ ಮೇಲೂ ನರಗಳು ಗಂಟೆಗಟ್ಟಲೆ ಕೆಲಸ ಮಾಡಬಲ್ಲವು. ತಲೆ ಹಿಡಿಯುವಾಗ ವಿಷದ ಚೀಲ ಅದುಮಿದರೂ ಸಾಕು, ಹಲ್ಲಿನಿಂದ ವಿಷ ಬರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಇದೇ ಮುಖ್ಯ ಅನ್ನಿಸಿತು. ಡಾಕ್ಟರಿಗೆ ಹಾವು ಬೇಕಿಲ್ಲ. ಹಾವಿನ ವಿಷಕ್ಕೆ ನಮ್ಮಲ್ಲಿ ಸಿಗುವ ಇಂಜೆಕ್ಷನ್ ಒಂದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಅದೇ ಮದ್ದು. ಮಂಡಲದ ಕಡಿತವೋ ಎಂದು ನೋಡಲು ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ 2 ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಆಮೇಲೆ ಒಮ್ಮೆ ಬಾಗಿಸುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷವೆಂಬ ಅನುಮಾನ ಗಟ್ಟಿ. ರೆಪ್ಪೆ ಜೋತುಬಿದ್ದರೆ ನಾಗರವೋ ಕಟ್ಟುಹಾವೋ ಇರಬೇಕು. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚಿದರೆ ಎಷ್ಟೋ ಸಲ ಗಾಯವೂ ಕಾಣದು, ನೋವೂ ಇರದು. ಅಂಥ ಕಡಿತಕ್ಕೆ ಯಾವ ಹಾವನ್ನು ಹುಡುಕಿ ತರುತ್ತೀರಿ?

ಒಂದು ತಕರಾರು ಉಂಟು. ಮಲೆನಾಡಿನ ಕೆಲವು ಗುಳಿಮಂಡಲಗಳಿಗೆ ಈ ಮದ್ದು ನಾಟುವುದಿಲ್ಲ. ಅಲ್ಲಿ ಹಾವಿನ ಗುರುತು ಸಿಕ್ಕರೆ ಅನುಕೂಲವೇ. ಅದಕ್ಕೆ ದೂರದಿಂದ ತೆಗೆದ ಮೊಬೈಲ್ ಫೋಟೋ ಸಾಕು. ಫೋಟೋ ಸಿಗಲಿಲ್ಲವಾ, ಬಿಟ್ಟು ಹೊರಡಿ.

ಹಾವು ಹುಡುಕುತ್ತಾ ತೋಟದಲ್ಲಿ ಕಳೆಯುವ ಅರ್ಧ ಗಂಟೆ ದುಬಾರಿ. ಬಿಗಿಯಾಗಿ ಕಟ್ಟಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ನಮ್ಮ ರಾಜ್ಯ ಸರ್ಕಾರ 2024ರಲ್ಲೇ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಖಾಸಗಿ ಆಸ್ಪತ್ರೆಯವರೂ ಲೆಕ್ಕ ಕೊಡಬೇಕು.

ಅಂಗಳದಲ್ಲಿ ಸತ್ತ ಹಾವು ಬಿದ್ದಿದ್ದರೆ ಉದ್ದ ಹಿಡಿಯ ಸಲಿಕೆಯಲ್ಲಿ ಎತ್ತಿ ಹೂಳಿ. ತಲೆ ಬೇರೆಯಾಗಿದ್ದರೆ ಮೊದಲು ಅದನ್ನೇ.