ವರ್ಜೀನಿಯಾ ತಂಡದ ಮಾರ್ಚ್ ಚರಿತ್ರೆ ಓದುವ ಬಗೆ

ಸರ್, ಮಗಳು ಯೂನಿವರ್ಸಿಟಿ ಆಫ್ ವರ್ಜೀನಿಯಾ ಸೇರಿದ್ದಾಳೆ, ಅಲ್ಲಿನ ಪುರುಷರ ಬಾಸ್ಕೆಟ್‌ಬಾಲ್ ತಂಡ ಒಂದು ವರ್ಷ ಚಾಂಪಿಯನ್, ಇನ್ನೊಂದು ವರ್ಷ ಮೊದಲ ಪಂದ್ಯದಲ್ಲೇ ಔಟ್, ಮಾರ್ಚ್‌ನಲ್ಲಿ ಶುರುವಾಗುವ ಅಮೆರಿಕದ ಕಾಲೇಜು ಟೂರ್ನಿ ಎನ್‌ಸಿಎಎಯ ಬ್ರಾಕೆಟ್, ಅಂದರೆ ಯಾವ ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಊಹಿಸುವ ಪಟ್ಟಿ, ತುಂಬೋದು ಹೇಗೆ ಅಂತ ಕೇಳಿದ್ದೀರಿ. ಬರೀ ಸೋಲು ಗೆಲುವು ಎಣಿಸಬೇಡಿ. ತಂಡ ಎಷ್ಟು ನಿಧಾನವಾಗಿ ಆಡುತ್ತದೆ ಅನ್ನೋದನ್ನು ನೋಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1980 ಮತ್ತು 1992ರಲ್ಲಿ ಅವರು ಗೆದ್ದದ್ದು ಎನ್‌ಐಟಿ, ಅಂದರೆ ಎನ್‌ಸಿಎಎ ಟೂರ್ನಿಗೆ ಆಯ್ಕೆಯಾಗದ ತಂಡಗಳು ಆಡುವ ಟೂರ್ನಿ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡಿ. ಎನ್‌ಸಿಎಎಯಲ್ಲಿ 1981ರಲ್ಲಿ 7 ಅಡಿ 4 ಇಂಚಿನ ರಾಲ್ಫ್ ಸ್ಯಾಂಪ್ಸನ್ ಜೊತೆ ಫೈನಲ್ ಫೋರ್, ಅಂದರೆ ಸೆಮಿಫೈನಲ್ ಸೇರಿದರು. 1984ರಲ್ಲಿ ಅವರಿಲ್ಲದೆಯೂ ಸೇರಿದರು.

ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಟೋನಿ ಬೆನೆಟ್ ಕಾಲದಲ್ಲಿ. 2009ರಲ್ಲಿ ಕೋಚ್ ಆಗಿ ಬಂದ ಅವರು ತಂದೆ ಡಿಕ್ ಬೆನೆಟ್ ರೂಪಿಸಿದ ಪ್ಯಾಕ್ ಲೈನ್ ಡಿಫೆನ್ಸ್ ಆಡಿಸಿದರು. ಚೆಂಡು ಹಿಡಿದವನ ಮೇಲೆ ಒಬ್ಬ ಬೀಳುತ್ತಾನೆ, ಉಳಿದ ನಾಲ್ವರು ಮೂರು ಪಾಯಿಂಟ್ ಗೆರೆಯಿಂದ ಒಳಗೆ ಸರಿದು ಬುಟ್ಟಿಯ ದಾರಿ ಮುಚ್ಚುತ್ತಾರೆ. ಚೆಂಡು ತಮ್ಮ ಕೈಗೆ ಬಂದರೆ ಅವಸರವೇ ಇಲ್ಲ, 30 ಸೆಕೆಂಡಿನ ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಇರುವ ಗಡುವು) ಮುಗಿಯುವವರೆಗೂ ಒಳ್ಳೆ ಅವಕಾಶ ಹುಡುಕುತ್ತಾರೆ. ಹೀಗಾಗಿ ಎರಡೂ ಕಡೆಗೆ ಸಿಗುವ ಅವಕಾಶಗಳೇ ಕಡಿಮೆ. ಇಡೀ ಸೀಸನ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಆದರೆ ಸೋತರೆ ಔಟ್ ಆಗುವ ಒಂದು ಪಂದ್ಯದಲ್ಲಿ ಎದುರಾಳಿ ಕೈಗೆ ಮೂರು ಪಾಯಿಂಟ್ ಶಾಟ್ ಹತ್ತಿಬಿಟ್ಟರೆ ಹಿಂದೆ ಬಿದ್ದದ್ದನ್ನು ತುಂಬಿಕೊಳ್ಳಲು ಸಮಯ ಸಾಕಾಗೋದಿಲ್ಲ.

2018ರಲ್ಲಿ ಆದದ್ದು ಅದೇ. ವರ್ಜೀನಿಯಾ ಇಡೀ ಟೂರ್ನಿಯ ನಂಬರ್ 1, ಎದುರಿಗೆ 16ನೇ ಸೀಡ್, ಅಂದರೆ ವಿಭಾಗದ ಕೊನೆ ಶ್ರೇಯಾಂಕದ ಯುಎಂಬಿಸಿ ಅನ್ನೋ ಮೇರಿಲ್ಯಾಂಡ್‌ನ ಯೂನಿವರ್ಸಿಟಿ ತಂಡ. ಅಲ್ಲಿಯವರೆಗೆ ಪುರುಷರ ಟೂರ್ನಿಯಲ್ಲಿ ಮೊದಲ ಸೀಡ್ ಎದುರು 16ನೇ ಸೀಡ್ ತಂಡಗಳು 135 ಸಲವೂ ಸೋತಿದ್ದವು. ಮಧ್ಯಂತರಕ್ಕೆ 21–21. ಕೊನೆಗೆ 74–54, ಸೋತದ್ದು ವರ್ಜೀನಿಯಾ. ಅವರ ಆಟಗಾರ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗಿದ್ದರು, ಅದೂ ಪೆಟ್ಟು ಕೊಟ್ಟಿತು.

ಮರುವರ್ಷ ಅದೇ ಕೋಚ್, ಅದೇ ಆಟ, ಹಂಟರ್ ವಾಪಸ್. ಪರ್ಡ್ಯೂ ಎದುರು ಮಮಾದಿ ಡಿಯಾಕಿಟೆ ಕೊನೆ ಕ್ಷಣದಲ್ಲಿ ಸಮ ಮಾಡಿ ಓವರ್‌ಟೈಮ್‌ನಲ್ಲಿ ಗೆದ್ದರು. ಆಬರ್ನ್ ಎದುರು ಎರಡು ಪಾಯಿಂಟ್ ಹಿಂದೆ, ಉಳಿದದ್ದು 0.6 ಸೆಕೆಂಡ್, ಫೌಲ್‌ಗೆ ಸಿಕ್ಕ, ತಲಾ ಒಂದು ಪಾಯಿಂಟಿನ ಮೂರೂ ಫ್ರೀ ಥ್ರೋಗಳನ್ನು ಕೈಲ್ ಗೈ ಹಾಕಿದರು, 63–62. ಫೈನಲ್‌ನಲ್ಲಿ ಟೆಕ್ಸಾಸ್ ಟೆಕ್ ಮೇಲೆ ಓವರ್‌ಟೈಮ್‌ನಲ್ಲಿ 85–77, ಹಂಟರ್ 27. ಅದೃಷ್ಟ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪೋದಿಲ್ಲ. ಪಂದ್ಯವನ್ನು ನಿಧಾನ ಮಾಡುವ ತಂಡಕ್ಕೆ ಇಂಥ ಬಿಗಿ ಮುಕ್ತಾಯ ಜಾಸ್ತಿ ಬರುತ್ತದೆ, ಅಲ್ಲಿ ಕೈ ನಡುಗದ ಶೂಟರ್‌ಗಳು ಆ ವರ್ಷ ಇದ್ದರು. 2023ರಲ್ಲಿ ಅಂಥದ್ದೇ ಮುಕ್ತಾಯ ಕೈಕೊಟ್ಟಿತು, ಫರ್ಮನ್ ಎದುರು 68–67 ಸೋಲು.

ಬೆನೆಟ್ 2024ರ ಅಕ್ಟೋಬರ್‌ನಲ್ಲಿ ನಿವೃತ್ತರಾದರು. 2025ರಲ್ಲಿ ಬಂದವರು ರಯಾನ್ ಓಡಮ್, 2018ರಲ್ಲಿ ವರ್ಜೀನಿಯಾವನ್ನು ಸೋಲಿಸಿದ ಯುಎಂಬಿಸಿಯ ಕೋಚ್ ಅವರೇ! ಹಾಗಾಗಿ ಹಳೇ ಫಲಿತಾಂಶ ನೋಡಿ ಸುಮ್ನೆ ಹೆದರಬೇಡಿ. ಒಂದು ಪಂದ್ಯಕ್ಕೆ ಎಷ್ಟು ಪೊಸೆಷನ್ (ಚೆಂಡು ಕೈಗೆ ಬರುವ ಸರದಿ) ಆಡುತ್ತಿದ್ದಾರೆ, ಗಾಯಗೊಂಡವರು ಯಾರು, ಎದುರಾಳಿ ಮೂರು ಪಾಯಿಂಟ್ ಎಷ್ಟು ಹೊಡೆಯುತ್ತಾರೆ, ಇಷ್ಟು ನೋಡಿಕೊಂಡು ತುಂಬಿ. ಮಗಳ ಜೊತೆ ಕೂತು 2019ರ ಪರ್ಡ್ಯೂ ಪಂದ್ಯ ಪೂರ್ತಿ ನೋಡಿ, ಹೈಲೈಟ್ಸ್‌ನಲ್ಲಿ ಆ ಡಿಫೆನ್ಸ್ ಕಾಣಿಸೋದಿಲ್ಲ.