34 ಬೇರೆ, 38 ಬೇರೆ

ಎರಡು ಲೆಕ್ಕಗಳು ಕಲಸಿಹೋಗಿವೆ, ತೊಂದರೆ ಅಷ್ಟೇ. ನಿಮ್ಮ ಮಗಳು ಪ್ರಾಜೆಕ್ಟಿನಲ್ಲಿ '34 ರಾಜ್ಯ ಕೇಳಿದರೆ ಅಮೆರಿಕದ ಸಂವಿಧಾನ ತಿದ್ದುಪಡಿ ಆಗುತ್ತದೆ' ಅಂತ ಬರೆದದ್ದಕ್ಕೆ ಟೀಚರ್ ಕೆಂಪು ಗೆರೆ ಎಳೆದಿದ್ದಾರೆ ಅಂದಿರಲ್ಲ, ಕಾರಣ ಇದೇ ಇರಬೇಕು. 34 ರಾಜ್ಯ ಕೇಳಿದರೆ ಸಿಗೋದು ಕನ್ವೆನ್ಷನ್, ಅಂದರೆ ತಿದ್ದುಪಡಿ ಸೂಚಿಸೋಕೆ ಸೇರುವ ಸಭೆ ಮಾತ್ರ.

ಮೊದಲು ರಾಜ್ಯದ ಶಾಸಕಾಂಗ ನಿರ್ಣಯ ಪಾಸು ಮಾಡಿ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಕನ್ವೆನ್ಷನ್ ಕರೆಯಿರಿ ಅಂತ ಅರ್ಜಿ ಕಳಿಸಬೇಕು. 50ರಲ್ಲಿ ಮೂರನೇ ಎರಡರಷ್ಟು, ಅಂದರೆ 34 ರಾಜ್ಯಗಳ ಅರ್ಜಿ ಬಂದರೆ ಅಲ್ಲಿನ ಸಂವಿಧಾನದ 5ನೇ ವಿಧಿ ಪ್ರಕಾರ ಕಾಂಗ್ರೆಸ್ ಕನ್ವೆನ್ಷನ್ ಕರೆಯಲೇಬೇಕು. ಅಲ್ಲಿ ತಿದ್ದುಪಡಿ ಸೂಚಿಸಬಹುದು, ಜಾರಿ ಮಾಡೋಕಾಗಲ್ಲ. ಆಮೇಲೆ ನಾಲ್ಕನೇ ಮೂರರಷ್ಟು, ಅಂದರೆ 38 ರಾಜ್ಯಗಳು ಒಪ್ಪಬೇಕು. ಶಾಸಕಾಂಗದಲ್ಲಿ ಒಪ್ಪಬೇಕೋ, ಅದಕ್ಕೆಂದೇ ರಾಜ್ಯದಲ್ಲಿ ಕರೆದ ಕನ್ವೆನ್ಷನ್ನಿನಲ್ಲೋ ಅನ್ನೋದನ್ನು ಕಾಂಗ್ರೆಸ್ ಹೇಳುತ್ತದೆ. ಅಧ್ಯಕ್ಷರ ಸಹಿ ಬೇಡ.

ಹಳೇ ಅರ್ಜಿ, ಬೇರೆ ಬೇರೆ ವಿಷಯದ ಅರ್ಜಿ, ವಾಪಸ್ ಪಡೆದ ಅರ್ಜಿ ಎಲ್ಲ ಸೇರಿಸಿ ಎಣಿಸಬಹುದಾ ಅಂತ ಕೇಳಿದ್ದೀರಿ. ಅದಕ್ಕೆ ಖಚಿತ ಉತ್ತರ ಯಾರ ಹತ್ತಿರವೂ ಇಲ್ಲ, ವಿಧಿಯಲ್ಲಿ ಅದರ ಮಾತೇ ಇಲ್ಲ, ಈ ದಾರಿಯಲ್ಲಿ ಒಮ್ಮೆಯೂ ಕನ್ವೆನ್ಷನ್ ನಡೆದೂ ಇಲ್ಲ. ಈವರೆಗಿನ 27 ತಿದ್ದುಪಡಿಗಳೂ ಕಾಂಗ್ರೆಸ್ಸಿನಿಂದಲೇ ಹೊರಟವು. ಸರ್ಕಾರ ಸಾಲ ಮಾಡದೆ ಬಜೆಟ್ ಸರಿದೂಗಿಸಲಿ ಅನ್ನೋ ಬೇಡಿಕೆ 1983ಕ್ಕೆ 32 ರಾಜ್ಯ ಮುಟ್ಟಿ, ಎರಡೇ ಎರಡು ಕಡಿಮೆಯಾಗಿ ನಿಂತುಬಿಟ್ಟಿತು. ಇದನ್ನು ಉದಾಹರಣೆಯಾಗಿ ಹಾಕಿಸಿ, ಚೆನ್ನಾಗಿರುತ್ತದೆ.

ನಮ್ಮ ಸಂವಿಧಾನದ 368ನೇ ವಿಧಿ ಜೊತೆ ಹೋಲಿಸೋದಾದರೆ ಒಂದು ಸಾಲು ಸಾಕು: ಭಾರತದಲ್ಲಿ ತಿದ್ದುಪಡಿ ಮಸೂದೆ ಸಂಸತ್ತಿನಲ್ಲೇ ಶುರುವಾಗಬೇಕು. ಕೆಂಪು ಗೆರೆಯ ಸಾಲನ್ನು 'ಕರೆಯಲು 34, ಒಪ್ಪಲು 38' ಅಂತ ತಿದ್ದಿಸಿ ಕಳಿಸಿ.